ಜಾನ್ ಬಾಯ್ಡ್ ಡನ್‌ಲಪ್

ಜಾನ್ ಬಾಯ್ಡ್ ಡನ್‌ಲಪ್ (5 ಫೆಬ್ರವರಿ 1840 – 23 ಅಕ್ಟೋಬರ್ 1921) ಸ್ಕಾಟ್ಲೆಂಡಿನಲ್ಲಿ ಹುಟ್ಟಿ ಐರ್ಲೆಂಡಿನಲ್ಲಿ ನೆಲೆಸಿದ ಪಶುವೈದ್ಯರು. ಗಾಳಿ ತುಂಬಿದ ರಬ್ಬರ್ ಟೈರನ್ನು ಬಳಕೆಗೆ ತಂದವರೆಂದು ಪ್ರಸಿದ್ಧರು. 1887ರಲ್ಲಿ ಬೆಲ್‌ಫಾಸ್ಟ್ ನಗರದ ತಮ್ಮ ಮನೆಯ ಅಂಗಳದಲ್ಲಿ, ಮಗನ ಮೂರು ಗಾಲಿಯ ಸೈಕಲ್ಲಿಗಾಗಿ, ಕೈಗೆ ಸಿಕ್ಕ ಸಾಮಗ್ರಿಗಳಿಂದಲೇ ಅವರು ಮೊದಲ ಟೈರನ್ನು ಕಟ್ಟಿದರು. ಅವರು ಎಂಜಿನಿಯರ್ ಆಗಿರಲಿಲ್ಲ, ಕಾರ್ಖಾನೆಯ ಒಡೆಯರೂ ಆಗಿರಲಿಲ್ಲ. ಅವರ ಹೆಸರನ್ನು ಹೊತ್ತ ಕಂಪನಿ ಜಗತ್ತಿನಾದ್ಯಂತ ಬೆಳೆಯಿತಾದರೂ ಅದರ ಲಾಭದಲ್ಲಿ ಅವರಿಗೆ ದೊರೆತ ಪಾಲು ಅಲ್ಪ. ಗಾಳಿ ಟೈರಿನ ಕಲ್ಪನೆಗೆ ಅವರಿಗಿಂತ ನಾಲ್ಕು ದಶಕ ಮೊದಲೇ ಬೇರೊಬ್ಬರು ಪೇಟೆಂಟ್ ಪಡೆದಿದ್ದರು. ಟೈರನ್ನು ರಿಮ್ಮಿನಿಂದ ಬಿಚ್ಚಿ ಮತ್ತೆ ಹಾಕುವ ವಿಧಾನವನ್ನು ಕಂಡುಹಿಡಿದವರೂ ಇತರರೇ. ಆದ್ದರಿಂದ ಡನ್‌ಲಪ್ ಅವರ ಸಾಧನೆ ಯಾವುದು ಎಂಬುದನ್ನು ಸ್ವಲ್ಪ ವಿವರವಾಗಿ ನೋಡಬೇಕಾಗುತ್ತದೆ.

ಜನನ ಮತ್ತು ವಿದ್ಯಾಭ್ಯಾಸ

ಡನ್‌ಲಪ್ ಅವರು ಸ್ಕಾಟ್ಲೆಂಡಿನ ಏರ್‌ಶೈರ್ ಪ್ರಾಂತ್ಯದ ಡ್ರೆಗ್‌ಹಾರ್ನ್ ಎಂಬ ಊರಿನ ಒಕ್ಕಲು ಮನೆತನದಲ್ಲಿ ಜನಿಸಿದರು. ಅವಧಿಗೆ ಎರಡು ತಿಂಗಳು ಮೊದಲೇ ಹುಟ್ಟಿದ ಮಗು ಎಂದು ತಾಯಿ ಹೇಳುತ್ತಿದ್ದುದರಿಂದ, ತಮ್ಮ ದೇಹ ದುರ್ಬಲವೆಂಬ ನಂಬಿಕೆ ಅವರಲ್ಲಿ ಬಾಲ್ಯದಿಂದಲೇ ಬೇರೂರಿತು. ಜೀವನಪೂರ್ತಿ ಅವರು ಆ ಎಚ್ಚರದಲ್ಲೇ ನಡೆದುಕೊಂಡರು. ವಾಸ್ತವದಲ್ಲಿ ಎಂಬತ್ತು ದಾಟುವವರೆಗೂ ಅವರಿಗೆ ಗಂಭೀರವಾದ ಕಾಯಿಲೆ ಬರಲಿಲ್ಲ.

ಎಡಿನ್‌ಬರೊ ನಗರದ ಡಿಕ್ ಪಶುವೈದ್ಯ ಕಾಲೇಜಿನಲ್ಲಿ ಓದಿ, ಹತ್ತೊಂಬತ್ತನೆಯ ವಯಸ್ಸಿಗೇ ಪಶುವೈದ್ಯರಾಗಿ ಹೊರಬಂದರು. ಕೆಲವು ವರ್ಷ ವೃತ್ತಿ ನಡೆಸಿ, 1867ರಲ್ಲಿ ಐರ್ಲೆಂಡಿನ ಡೌನ್‌ಪ್ಯಾಟ್ರಿಕ್ ಎಂಬಲ್ಲಿಗೆ ಹೋದರು. ಅಲ್ಲಿ ಸಹೋದರ ಜೇಮ್ಸ್ ಅವರೊಂದಿಗೆ ಚಿಕಿತ್ಸಾಲಯ ತೆರೆದರು. ಅನಂತರ ಬೆಲ್‌ಫಾಸ್ಟಿನ ಮೇ ಸ್ಟ್ರೀಟಿಗೆ ಬಂದು ನೆಲೆಸಿದರು. 1880ರ ದಶಕದ ಮಧ್ಯಭಾಗದ ಹೊತ್ತಿಗೆ ಅವರ ಚಿಕಿತ್ಸಾಲಯ ಐರ್ಲೆಂಡಿನ ಅತಿ ದೊಡ್ಡ ಪಶುವೈದ್ಯ ಸಂಸ್ಥೆಗಳಲ್ಲಿ ಒಂದಾಗಿತ್ತು. ಅವರು ಮಾರ್ಗರೆಟ್ ಸ್ಟೀವನ್ಸನ್ ಅವರನ್ನು ವಿವಾಹವಾಗಿದ್ದರು. ದಂಪತಿಗೆ ಒಬ್ಬ ಮಗ ಮತ್ತು ಒಬ್ಬಳು ಮಗಳು.

ಕುದುರೆಗಳೇ ಸಾರಿಗೆಯ ಜೀವಾಳವಾಗಿದ್ದ ಕಾಲವದು. ಊರಿಂದೂರಿಗೆ ಗಾಡಿಯಲ್ಲಿ ಸುತ್ತುತ್ತಿದ್ದ ಪಶುವೈದ್ಯರಿಗೆ ಕೆಟ್ಟ ರಸ್ತೆಯ ಕುಲುಕಾಟವೂ, ಭಾರ ಎಳೆಯುವ ಪ್ರಾಣಿಗಳ ಬವಣೆಯೂ ಚೆನ್ನಾಗಿ ತಿಳಿದಿದ್ದವು. ಇದರ ಜೊತೆಗೆ ಅವರಿಗೆ ರಬ್ಬರಿನೊಂದಿಗೆ ಕೆಲಸ ಮಾಡಿದ ಅನುಭವವಿತ್ತು. ಟೈರಿನ ಕತೆಯಲ್ಲಿ ಇದು ಮುಖ್ಯವಾದ ಸಂಗತಿ. ಹಾಳೆಯಂತಹ ರಬ್ಬರನ್ನು ಕತ್ತರಿಸಿ, ದ್ರಾವಣ ಹಚ್ಚಿ, ಗಾಳಿ ಸೋರದಂತೆ ಅಂಟಿಸುವುದು ಅವರಿಗೆ ಹೊಸ ವಿದ್ಯೆಯಾಗಿರಲಿಲ್ಲ.

ಅಂದಿನ ಗಾಲಿಗಳು

ನಮ್ಮ ಎತ್ತಿನ ಗಾಡಿಯ ಮರದ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕುವುದನ್ನು ನೋಡಿದವರಿಗೆ ಅಂದಿನ ಯುರೋಪಿನ ಗಾಲಿಗಳ ಸ್ಥಿತಿಯನ್ನು ಊಹಿಸುವುದು ಕಷ್ಟವಲ್ಲ. ಬೆರಣಿಯ ಬೆಂಕಿಯಲ್ಲಿ ಪಟ್ಟಿಯನ್ನು ಕೆಂಪಗೆ ಕಾಯಿಸಿ, ಹಿಗ್ಗಿದ ಪಟ್ಟಿಯನ್ನು ಮರದ ಚಕ್ರದ ಮೇಲೆ ಕೂರಿಸಿ, ನೀರು ಸುರಿದು ಕುಗ್ಗಿಸಿದರೆ ಅದು ಮರವನ್ನು ಬಿಗಿಯಾಗಿ ಹಿಡಿದುಕೊಳ್ಳುತ್ತದೆ. ಇದು ಬಹುಕಾಲ ಬಾಳುತ್ತದೆ, ಆದರೆ ದಾರಿಯ ಒಂದೊಂದು ಕಲ್ಲಿನ ಪೆಟ್ಟನ್ನೂ ಗಾಡಿಗೂ ಕುಳಿತವರಿಗೂ ಮುಟ್ಟಿಸುತ್ತದೆ. ಸೈಕಲ್ಲುಗಳ ಕಾಲಕ್ಕೆ ಕಬ್ಬಿಣದ ಬದಲು ಗಟ್ಟಿ ರಬ್ಬರಿನ ಪಟ್ಟಿ ಬಂದಿತ್ತು. ಸದ್ದು ಕಡಿಮೆಯಾಯಿತು, ಪೆಟ್ಟು ಅಷ್ಟಾಗಿ ಕಡಿಮೆಯಾಗಲಿಲ್ಲ. ಮುಂದಿನ ಗಾಲಿ ಆಳೆತ್ತರ, ಹಿಂದಿನದು ಪುಟ್ಟದು ಎಂಬಂತಿದ್ದ ಅಂದಿನ ಸೈಕಲ್ಲಿನ ವಿಚಿತ್ರ ರೂಪಕ್ಕೆ ಇದೂ ಒಂದು ಕಾರಣ. ದೊಡ್ಡ ಗಾಲಿ ಸಣ್ಣ ಗುಂಡಿಗಳನ್ನು ಸುಲಭವಾಗಿ ದಾಟುತ್ತದೆ.

ಅಂಗಳದ ಪ್ರಯೋಗ

ಡನ್‌ಲಪ್ ಅವರ ಮಗನಿಗೆ ಆಗ ಹತ್ತು ವರ್ಷದ ಆಸುಪಾಸು. ಗಟ್ಟಿ ಗಾಲಿಗಳ ಅವನ ಟ್ರೈಸಿಕಲ್ ಬೆಲ್‌ಫಾಸ್ಟಿನ ಕಲ್ಲು ಹಾಸಿದ ಬೀದಿಗಳಲ್ಲಿ ಮೈ ನೋಯುವಷ್ಟು ಕುಲುಕುತ್ತಿತ್ತು. 1887ರ ಅಕ್ಟೋಬರಿನಲ್ಲಿ ತಂದೆ ಇದಕ್ಕೆ ಪರಿಹಾರ ಹುಡುಕಲು ತೊಡಗಿದರು.

ಮರದ ಹಲಗೆಯಿಂದ ದುಂಡಗಿನ ಬಿಲ್ಲೆಯೊಂದನ್ನು ಸಿದ್ಧಪಡಿಸಿದರು. ತೆಳುವಾದ ರಬ್ಬರ್ ಹಾಳೆಯನ್ನು ಸುತ್ತಿ ಅಂಟಿಸಿ ಕೊಳವೆ ಮಾಡಿದರು. ಆ ಕೊಳವೆಯನ್ನು ನಾರುಬಟ್ಟೆಯ ಚೀಲದಲ್ಲಿ ಹುದುಗಿಸಿ, ಬಟ್ಟೆಯ ಅಂಚುಗಳನ್ನು ಬಿಲ್ಲೆಯ ಸುತ್ತ ಸಣ್ಣ ಮೊಳೆಗಳಿಂದ ಬಡಿದರು. ಕಾಲ್ಚೆಂಡಿಗೆ ಗಾಳಿ ಹಾಕುವ ಪಂಪಿನಿಂದ ಗಾಳಿ ತುಂಬಿ, ಚೆಂಡಿನ ಬಾಯಿ ಕಟ್ಟುವಂತೆಯೇ ಕೊಳವೆಯ ಬಾಯಿಯನ್ನು ಕಟ್ಟಿದರು. ಈ ಇಡೀ ಕೆಲಸದಲ್ಲಿ ಮನೆಯಲ್ಲಿ ಅಥವಾ ಪಕ್ಕದ ಅಂಗಡಿಯಲ್ಲಿ ಸಿಗದ ವಸ್ತು ಒಂದೂ ಇರಲಿಲ್ಲ ಎಂಬುದು ಗಮನಾರ್ಹ.

ಪರೀಕ್ಷೆಯೂ ಅಷ್ಟೇ ಸರಳವಾಗಿತ್ತು. ಟ್ರೈಸಿಕಲ್ಲಿನ ಒಂದು ಲೋಹದ ಗಾಲಿಯನ್ನೂ ತಮ್ಮ ಹೊಸ ಗಾಲಿಯನ್ನೂ ಅಂಗಳದಲ್ಲಿ ಉರುಳಿಬಿಟ್ಟರು. ಲೋಹದ ಗಾಲಿ ಸ್ವಲ್ಪ ದೂರ ಹೋಗಿ ನಿಂತಿತು. ಗಾಳಿಯ ಗಾಲಿ ಅಂಗಳ ದಾಟಿ, ಗೇಟಿನ ಕಂಬಕ್ಕೆ ಬಡಿದು ಹಿಂದಕ್ಕೆ ಪುಟಿಯಿತು. ಮೆತ್ತಗಿನ ಗಾಲಿ ನೆಲಕ್ಕೆ ಅಂಟಿಕೊಂಡು ಓಟವನ್ನು ತಡೆಯುತ್ತದೆ ಎಂದು ಯಾರಾದರೂ ಭಾವಿಸುವುದು ಸಹಜ. ಆದದ್ದು ಅದಕ್ಕೆ ವಿರುದ್ಧ. ಗಟ್ಟಿ ಗಾಲಿ ಪ್ರತಿ ಉಬ್ಬನ್ನು ಹತ್ತುವಾಗ ಇಡಿಯಾಗಿ ಮೇಲಕ್ಕೆ ನೆಗೆಯಬೇಕು, ಅದರ ವೇಗದ ಒಂದು ಭಾಗ ಆ ನೆಗೆತದಲ್ಲಿ ವ್ಯರ್ಥವಾಗುತ್ತದೆ. ಗಾಳಿಯ ಟೈರು ಉಬ್ಬು ಬಂದ ಜಾಗದಲ್ಲಿ ಮಾತ್ರ ಒಳಕ್ಕೆ ತಗ್ಗಿ, ದಾಟಿದೊಡನೆ ಮೊದಲಿನಂತಾಗುತ್ತದೆ, ಗಾಲಿ ಮಾತ್ರ ಸಮವಾಗಿ ಮುಂದೆ ಸಾಗುತ್ತದೆ. ಮಗನ ಮೈನೋವಿಗೆ ಮದ್ದು ಹುಡುಕಲು ಹೊರಟ ವೈದ್ಯರಿಗೆ ವೇಗವೂ ಅದರ ಜೊತೆಗೇ ದೊರೆಯಿತು.

ಮುಂದೆ ಟ್ರೈಸಿಕಲ್ಲಿನ ಎರಡೂ ಹಿಂದಿನ ಗಾಲಿಗಳಿಗೆ ಇಂತಹ ಟೈರುಗಳನ್ನು ಹಾಕಿದರು. 1888ರ ಫೆಬ್ರವರಿ 28ರ ರಾತ್ರಿ ಮಗ ಅದನ್ನು ಮೊದಲ ಸಲ ಓಡಿಸಿದನು. ಬಳಿಕ ಸೈಕಲ್ಲಿಗೆ ಹೊಂದುವ ದೊಡ್ಡ ಟೈರುಗಳನ್ನು ಮಾಡಿ, ದಕ್ಷಿಣ ಬೆಲ್‌ಫಾಸ್ಟಿನ ಚೆರಿವೇಲ್ ಆಟದ ಮೈದಾನದಲ್ಲಿ ಪರೀಕ್ಷಿಸಿದರು. ಫಲಿತಾಂಶ ಇನ್ನೂ ಚೆನ್ನಾಗಿತ್ತು.

ಪೇಟೆಂಟ್ ಮತ್ತು ಪಂದ್ಯಗಳು

1888ರ ಜುಲೈನಲ್ಲಿ ಡನ್‌ಲಪ್ ಪೇಟೆಂಟಿಗೆ ಅರ್ಜಿ ಸಲ್ಲಿಸಿದರು. ಅದೇ ವರ್ಷದ ಡಿಸೆಂಬರ್ 7ರಂದು ಅದು ಮಂಜೂರಾಯಿತು. ಬೆಲ್‌ಫಾಸ್ಟಿನ ಎಡ್ಲಿನ್ ಎಂಬ ಸೈಕಲ್ ತಯಾರಕರು ಈ ದಪ್ಪ ಟೈರುಗಳಿಗೆ ಹೊಂದುವಂತಹ ಸೈಕಲ್ಲುಗಳನ್ನು ನಿರ್ಮಿಸಿದರು.

ಜನರ ಮನಸ್ಸನ್ನು ಗೆದ್ದದ್ದು ಪೇಟೆಂಟ್ ಪತ್ರವಲ್ಲ, ಪಂದ್ಯ. ಬೆಲ್‌ಫಾಸ್ಟ್ ಕ್ರೂಸರ್ಸ್ ಎಂಬ ಸೈಕಲ್ ಕ್ಲಬ್ಬಿನ ನಾಯಕ ವಿಲ್ಲಿ ಹ್ಯೂಮ್ ಗಾಳಿ ಟೈರಿನ ಸೈಕಲ್ಲನ್ನು ಕೊಂಡವರಲ್ಲಿ ಮೊದಲಿಗರು. 1889ರ ಮೇ 18ರಂದು ಬೆಲ್‌ಫಾಸ್ಟಿನ ಕ್ವೀನ್ಸ್ ಕಾಲೇಜಿನ ಮೈದಾನದಲ್ಲಿ ಅವರು ಆ ಸೈಕಲ್ಲಿನೊಡನೆ ಇಳಿದಾಗ, ಊದಿಕೊಂಡಂತೆ ಕಾಣುತ್ತಿದ್ದ ಗಾಲಿಗಳನ್ನು ಕಂಡು ಪ್ರೇಕ್ಷಕರು ನಕ್ಕರು. ಅಂದಿನ ನಾಲ್ಕೂ ಸ್ಪರ್ಧೆಗಳನ್ನು ಹ್ಯೂಮ್ ಗೆದ್ದರು. ಕೆಲಕಾಲದ ನಂತರ ಇಂಗ್ಲೆಂಡಿನ ಲಿವರ್‌ಪೂಲಿನಲ್ಲೂ ಒಂದನ್ನು ಬಿಟ್ಟು ಉಳಿದ ಎಲ್ಲ ಸೈಕಲ್ ಸ್ಪರ್ಧೆಗಳಲ್ಲಿ ಜಯ ಪಡೆದರು.

ಬೆಲ್‌ಫಾಸ್ಟಿನಲ್ಲಿ ಸೋತವರಲ್ಲಿ ಹಾರ್ವೆ ಡು ಕ್ರಾಸ್ ಎಂಬ ಡಬ್ಲಿನ್ ವ್ಯಾಪಾರಿಯ ಮಕ್ಕಳೂ ಇದ್ದರು. ತಂದೆ ಐರಿಷ್ ಸೈಕಲ್ ಸವಾರರ ಸಂಘದ ಅಧ್ಯಕ್ಷರು. ಮಕ್ಕಳ ಸೋಲಿಗೆ ಕಾರಣವಾದ ವಸ್ತುವಿನ ಬೆಲೆಯನ್ನು ಅವರು ಕೂಡಲೇ ಅರಿತರು. ಡನ್‌ಲಪ್ ಅವರೊಂದಿಗೆ ಸೇರಿ, ಡಬ್ಲಿನ್ನಿನ ಒಂದು ಸೈಕಲ್ ಮಾರಾಟ ಕಂಪನಿಗೆ ಹೊಸ ರೂಪ ಕೊಟ್ಟು, ಅಪ್ಪರ್ ಸ್ಟೀಫನ್ ಸ್ಟ್ರೀಟಿನಲ್ಲಿ ಟೈರು ತಯಾರಿಕೆ ಆರಂಭಿಸಿದರು. ಡನ್‌ಲಪ್ ತಮ್ಮ ಪೇಟೆಂಟಿನ ಹಕ್ಕುಗಳನ್ನು ಕಂಪನಿಗೆ ಒಪ್ಪಿಸಿದರು.

ಥಾಮ್ಸನ್ ಅವರ ಹಳೆಯ ಪೇಟೆಂಟ್

ಪೇಟೆಂಟ್ ದೊರೆತು ಎರಡು ವರ್ಷವಾಗುವಷ್ಟರಲ್ಲಿ, ಅದು ಊರ್ಜಿತವಲ್ಲವೆಂದು ಡನ್‌ಲಪ್ ಅವರಿಗೆ ಅಧಿಕೃತವಾಗಿ ತಿಳಿಸಲಾಯಿತು. ಸ್ಕಾಟ್ಲೆಂಡಿನವರೇ ಆದ ರಾಬರ್ಟ್ ವಿಲಿಯಂ ಥಾಮ್ಸನ್ (1822–1873) ಗಾಳಿ ತುಂಬಿದ ಗಾಲಿಗೆ 1845ರಲ್ಲಿಯೇ ಬ್ರಿಟನ್ನಿನಲ್ಲಿ, 1846ರಲ್ಲಿ ಫ್ರಾನ್ಸಿನಲ್ಲಿ ಮತ್ತು 1847ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದಿದ್ದರು. ರಬ್ಬರ್ ಬಳಿದ ಬಟ್ಟೆಯ ಕೊಳವೆ, ಅದರ ಮೇಲೆ ಚರ್ಮದ ಹೊದಿಕೆ – ಇದು ಅವರ ಟೈರಿನ ರಚನೆ. ಲಂಡನ್ನಿನ ರೀಜೆಂಟ್ಸ್ ಪಾರ್ಕಿನಲ್ಲಿ ಕುದುರೆಗಾಡಿಗಳಿಗೆ ಇದನ್ನು ಹಾಕಿ ಓಡಿಸಿಯೂ ತೋರಿಸಿದ್ದರು. ಆದರೆ ಅಂದು ಸೈಕಲ್ ಎಂಬ ವಾಹನ ಬಳಕೆಗೆ ಬಂದಿರಲಿಲ್ಲ, ರಬ್ಬರ್ ದುಬಾರಿಯಾಗಿತ್ತು, ಕುದುರೆಗಾಡಿಯವರಿಗೆ ಇದು ಅಗತ್ಯವೆನಿಸಲಿಲ್ಲ. ಥಾಮ್ಸನ್ ಮುಂದೆ ಗಟ್ಟಿ ರಬ್ಬರ್ ಗಾಲಿಗಳ ಉಗಿ ವಾಹನಗಳತ್ತ ತಿರುಗಿದರು. ಆ ಉಗಿ ವಾಹನಗಳು 1870ರ ದಶಕದಲ್ಲಿ ಭಾರತದ ಪಂಜಾಬಿನ ರಸ್ತೆಗಳಲ್ಲೂ ಓಡಿದವು. ಅವರ ಗಾಳಿ ಟೈರನ್ನು ಮಾತ್ರ ಜನ ಮರೆತರು.

ಥಾಮ್ಸನ್ ಅವರ ಕೆಲಸದ ವಿಷಯ ಡನ್‌ಲಪ್ ಅವರಿಗೆ ತಿಳಿದಿರಲಿಲ್ಲ. ಹೀಗಾಗಿ ಡನ್‌ಲಪ್ ಅವರನ್ನು ಗಾಳಿ ಟೈರಿನ ಪ್ರಥಮ ಸಂಶೋಧಕರೆಂದು ಪಠ್ಯಪುಸ್ತಕಗಳಲ್ಲಿ ಬರೆಯುವುದು ಸರಿಯಲ್ಲ. ಹಾಗೆಂದು ಅವರದು ನಕಲೆಂದು ಹೇಳುವುದು ಅದಕ್ಕಿಂತಲೂ ದೊಡ್ಡ ತಪ್ಪು. ಮೊದಲು ಕಲ್ಪಿಸಿದವರು ಥಾಮ್ಸನ್, ಮೊದಲು ಬಳಕೆಗೆ ತಂದವರು ಡನ್‌ಲಪ್ ಎನ್ನುವುದು ಇಬ್ಬರಿಗೂ ನ್ಯಾಯ ಸಲ್ಲಿಸುವ ಮಾತು.

ಬಿಚ್ಚಲಾಗದ ಟೈರು

ಡನ್‌ಲಪ್ ಅವರ ಟೈರಿಗೆ ದೊಡ್ಡ ಕೊರತೆಯೊಂದಿತ್ತು. ಒಳಗಿನ ರಬ್ಬರ್ ಕೊಳವೆಯನ್ನು ಬಟ್ಟೆಯಲ್ಲಿ ಸುತ್ತಿ, ಆ ಬಟ್ಟೆಯನ್ನು ಗಾಲಿಯ ಕಡ್ಡಿಗಳ ನಡುವೆ ಹಾಯಿಸಿ ರಿಮ್ಮಿಗೆ ರಬ್ಬರ್ ದ್ರಾವಣದಿಂದ ಅಂಟಿಸಲಾಗುತ್ತಿತ್ತು. ಒಂದು ಮುಳ್ಳು ಚುಚ್ಚಿದರೂ ಸಾಕು, ಅಂಟಿದ ಬಟ್ಟೆಯನ್ನು ಕಿತ್ತು, ಕೊಳವೆಗೆ ತೇಪೆ ಹಾಕಿ, ಮತ್ತೆ ಎಲ್ಲವನ್ನೂ ಅಂಟಿಸಿ ಒಣಗಲು ಬಿಡಬೇಕು. ಫ್ರಾನ್ಸಿನ ಕ್ಲೆರ್ಮಾಂ-ಫೆರಾಂ ನಗರದಲ್ಲಿ ಮಿಷೆಲಿನ್ ಸಹೋದರರ ರಬ್ಬರ್ ಕಾರ್ಖಾನೆಗೆ ಸವಾರನೊಬ್ಬ ಇಂತಹ ಪಂಚರ್ ಟೈರನ್ನು ತಂದಾಗ, ದುರಸ್ತಿಗೆ ಮೂರು ಗಂಟೆಗಳೂ ಒಣಗಲು ಒಂದು ರಾತ್ರಿಯೂ ಬೇಕಾಯಿತೆಂದು ಆ ಸಂಸ್ಥೆಯ ಇತಿಹಾಸ ಹೇಳುತ್ತದೆ. ಆ ಅನುಭವದಿಂದಲೇ ಎಡ್ವರ್ಡ್ ಮಿಷೆಲಿನ್ ಬಿಚ್ಚಿ ಹಾಕಬಹುದಾದ ಟೈರನ್ನು ರೂಪಿಸಿದರು. 1891ರ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ದೀರ್ಘ ಸೈಕಲ್ ಓಟವನ್ನು ಅಂತಹ ಟೈರುಗಳ ಮೇಲೆಯೇ ಚಾರ್ಲ್ಸ್ ಟೆರಾಂ ಗೆದ್ದರು.

ಬ್ರಿಟನ್ನಿನಲ್ಲಿ 1890ರಲ್ಲಿ ಒಂದರ ಹಿಂದೊಂದರಂತೆ ಎರಡು ಪೇಟೆಂಟುಗಳು ಬಂದವು. ವಿಲಿಯಂ ಬಾರ್ಟ್‌ಲೆಟ್ ಅವರ ವಿಧಾನದಲ್ಲಿ ರಿಮ್ಮಿನ ಅಂಚು ಒಳಮುಖವಾಗಿ ಬಾಗಿರುತ್ತಿತ್ತು, ಟೈರಿನ ದಪ್ಪ ಅಂಚು ಅದರಡಿ ಸಿಕ್ಕಿಕೊಂಡು ಗಾಳಿಯ ಒತ್ತಡದಿಂದ ನಿಲ್ಲುತ್ತಿತ್ತು. ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಅವರ ವಿಧಾನ ಬೇರೆ. ಅವರು ಟೈರಿನ ಎರಡೂ ಅಂಚುಗಳಲ್ಲಿ ಹಿಗ್ಗದ ತಂತಿಯ ಬಳೆಯನ್ನು ಹುದುಗಿಸಿದರು, ರಿಮ್ಮಿನ ಮಧ್ಯದಲ್ಲಿ ತಗ್ಗನ್ನು ಇರಿಸಿದರು. ತಂತಿಬಳೆ ರಿಮ್ಮಿನ ಅಂಚಿಗಿಂತ ಚಿಕ್ಕದಾದುದರಿಂದ ಗಾಳಿ ತುಂಬಿದಾಗ ಟೈರು ಹೊರಬರಲಾರದು. ಗಾಳಿ ತೆಗೆದು ಒಂದು ಬದಿಯ ಅಂಚನ್ನು ಮಧ್ಯದ ತಗ್ಗಿಗೆ ಇಳಿಸಿದರೆ ಎದುರು ಬದಿಯಲ್ಲಿ ಸಡಿಲ ದೊರೆತು, ಟೈರನ್ನು ರಿಮ್ಮಿನ ಮೇಲಿಂದ ಎತ್ತಬಹುದು. ಇಂದಿನ ಮೋಟಾರ್‌ಸೈಕಲ್ ಮತ್ತು ಕಾರುಗಳ ಟೈರುಗಳು ರಿಮ್ಮಿನಲ್ಲಿ ನಿಲ್ಲುವುದು ಈ ತತ್ತ್ವದಿಂದಲೇ. 1891ರಲ್ಲಿ ಚಾರ್ಲ್ಸ್ ವುಡ್ಸ್ ಅವರ ವಾಲ್ವ್ ಕೂಡ ಬಂದು, ಗಾಳಿ ತುಂಬುವ ಕೆಲಸ ಸುಲಭವಾಯಿತು.

ಡನ್‌ಲಪ್ ಅವರ ಮೂಲ ಪೇಟೆಂಟ್ ಬಿದ್ದುಹೋದ ಮೇಲೂ ಡಬ್ಲಿನ್ನಿನ ಕಂಪನಿ ಉಳಿದುಕೊಂಡದ್ದು ವೆಲ್ಚ್ ಮತ್ತು ಬಾರ್ಟ್‌ಲೆಟ್ ಅವರ ಪೇಟೆಂಟುಗಳನ್ನು ಕೊಂಡುಕೊಂಡದ್ದರಿಂದ. ಆ ದೂರದೃಷ್ಟಿಯ ಕೀರ್ತಿ ಡು ಕ್ರಾಸ್ ಅವರಿಗೆ ಸಲ್ಲಬೇಕು.

ಕಂಪನಿಯಿಂದ ನಿರ್ಗಮನ

ಡಬ್ಲಿನ್ ನಗರದ ನಡುವೆ ಇದ್ದ ಕಾರ್ಖಾನೆಯ ರಬ್ಬರ್ ಮತ್ತು ನಾಫ್ತಾ ವಾಸನೆಯ ಬಗ್ಗೆ ದೂರುಗಳು ಹೆಚ್ಚಿದಾಗ ತಯಾರಿಕೆಯನ್ನು ಇಂಗ್ಲೆಂಡಿನ ಕವೆಂಟ್ರಿಗೆ ಸಾಗಿಸಲಾಯಿತು. ಇತ್ತ ಡನ್‌ಲಪ್ ಬೆಲ್‌ಫಾಸ್ಟಿನ ವೃತ್ತಿಯನ್ನು ಬಿಟ್ಟು ಡಬ್ಲಿನ್ನಿಗೆ ಬಂದು ನೆಲೆಸಿದ್ದರು. ಕಂಪನಿಯ ವ್ಯವಹಾರದಲ್ಲಿ ಅವರಿಗೆ ಹೆಚ್ಚು ಕಾಲ ಮನಸ್ಸು ನಿಲ್ಲಲಿಲ್ಲ. 1895ರಲ್ಲಿ ಅವರು ಅದರಿಂದ ನಿವೃತ್ತರಾದರು.

ಮರುವರ್ಷವೇ, 1896ರಲ್ಲಿ, ಡು ಕ್ರಾಸ್ ಕಂಪನಿಯನ್ನು ಟೆರಾ ಹೂಲಿ ಎಂಬ ಹಣಕಾಸು ವ್ಯವಹಾರಸ್ಥನಿಗೆ 30 ಲಕ್ಷ ಪೌಂಡುಗಳಿಗೆ ಮಾರಿದರು. ಹೂಲಿ ಅದನ್ನು ಡನ್‌ಲಪ್ ನ್ಯೂಮ್ಯಾಟಿಕ್ ಟೈರ್ ಕಂಪನಿ ಎಂಬ ಹೊಸ ಹೆಸರಿನಲ್ಲಿ ಸಾರ್ವಜನಿಕರಿಗೆ 50 ಲಕ್ಷ ಪೌಂಡುಗಳಿಗೆ ಮಾರಿದನು. ಸಂಶೋಧಕರು ಹೊರಹೋದ ಮೇಲೆ ಅವರ ಹೆಸರು ಕಂಪನಿಯ ಹಣೆಯ ಮೇಲೆ ದೊಡ್ಡದಾಗಿ ಕಾಣಿಸಿಕೊಂಡಿತು. ಈ ಕೋಟ್ಯಧೀಶ ವ್ಯವಹಾರದಲ್ಲಿ ಡನ್‌ಲಪ್ ಅವರಿಗೆ ಯಾವ ಪಾತ್ರವೂ ಇರಲಿಲ್ಲ, ಟೈರಿನಿಂದ ಅವರು ದೊಡ್ಡ ಸಂಪತ್ತನ್ನೂ ಗಳಿಸಲಿಲ್ಲ.

ಕೊನೆಯ ವರ್ಷಗಳು

ಡಬ್ಲಿನ್ನಿನಲ್ಲಿ ಅವರು ಜವಳಿ ವ್ಯಾಪಾರ ಸಂಸ್ಥೆಯೊಂದರ ಆಡಳಿತದಲ್ಲಿ ತೊಡಗಿಕೊಂಡು, ಬಾಲ್ಸ್‌ಬ್ರಿಜ್ ಬಡಾವಣೆಯಲ್ಲಿ ಶಾಂತ ಜೀವನ ನಡೆಸಿದರು. ಗಾಳಿ ಟೈರಿನ ಇತಿಹಾಸವನ್ನು ತಮ್ಮ ನೆನಪಿನಿಂದ ಬರೆದಿಟ್ಟರು. ಅದು ಅವರ ಮರಣಾನಂತರ ಮಗಳ ಮುತುವರ್ಜಿಯಿಂದ ಪ್ರಕಟವಾಯಿತು. 1921ರ ಅಕ್ಟೋಬರಿನಲ್ಲಿ ಶೀತ ತಗುಲಿ, 23ರಂದು ಅನಿರೀಕ್ಷಿತವಾಗಿ ನಿಧನರಾದರು. ಆಗ ಅವರಿಗೆ 81 ವರ್ಷ. ಡಬ್ಲಿನ್ ಸಮೀಪದ ಡೀನ್ಸ್‌ಗ್ರೇಂಜ್ ಸ್ಮಶಾನದಲ್ಲಿ ಅವರ ಸಮಾಧಿಯಿದೆ.

ಮೋಟಾರ್‌ಸೈಕಲ್ ಮತ್ತು ಮನೆಯಲ್ಲಿ ಟೈರು ಬದಲಿಸುವ ವಿಧಾನ

1894ರಲ್ಲಿ ಜರ್ಮನಿಯ ಹಿಲ್ಡೆಬ್ರಾಂಡ್ ಮತ್ತು ವುಲ್ಫ್‌ಮುಲ್ಲರ್ ಸಂಸ್ಥೆ ದೊಡ್ಡ ಪ್ರಮಾಣದಲ್ಲಿ ತಯಾರಾದ ಮೊದಲ ಮೋಟಾರ್‌ಸೈಕಲ್ಲನ್ನು ಮಾರುಕಟ್ಟೆಗೆ ತಂದಾಗ ಅದರ ಗಾಲಿಗಳಿಗೆ ಗಾಳಿ ಟೈರುಗಳೇ ಇದ್ದವು. ಗಾಳಿ ಟೈರು ಇಲ್ಲದಿದ್ದರೆ ಎಂಜಿನ್ನಿನ ವೇಗವನ್ನು ಎರಡು ಗಾಲಿಯ ವಾಹನ ತಡೆದುಕೊಳ್ಳುವುದು ಕಷ್ಟವಾಗುತ್ತಿತ್ತು.

ಡನ್‌ಲಪ್ ಅವರು ಟೈರನ್ನು ಮನೆಯಲ್ಲಿ ಕಟ್ಟಿದಂತೆಯೇ, ಅದನ್ನು ಮನೆಯಲ್ಲೇ ಬದಲಿಸುವ ಅಭ್ಯಾಸವೂ ಸವಾರರಲ್ಲಿ ಬೆಳೆದು ಬಂದಿದೆ. ಚಿಕ್ಕಬಳ್ಳಾಪುರದ ಕಳವಾರದಂತಹ ಬೆಟ್ಟದಡಿಯ ಊರುಗಳಲ್ಲಿ, ಶಿಡ್ಲಘಟ್ಟದ ಮಾರುಕಟ್ಟೆಗೆ ರೇಷ್ಮೆಗೂಡಿನ ಚೀಲ ಹೇರಿಕೊಂಡು ನಸುಕಿಗೇ ಹೊರಡುವ ಬೈಕಿಗೆ, ಚಿಂತಾಮಣಿ ಗೌರಿಬಿದನೂರುಗಳ ಹೊಲದ ದಾರಿಗಳಲ್ಲಿ ಜಾಲಿಮುಳ್ಳು ಚುಚ್ಚಿದರೆ, ಪಂಚರ್ ಅಂಗಡಿ ತೆರೆಯುವವರೆಗೆ ಕಾಯುವುದು ಎಲ್ಲರಿಗೂ ಸಾಧ್ಯವಾಗುವುದಿಲ್ಲ. ಈ ಕೆಲಸಕ್ಕೆ ಬೇಕಾದ ಸಲಕರಣೆಗಳನ್ನು ಬಹುಮಟ್ಟಿಗೆ ಮನೆಯಲ್ಲೇ ಹೊಂದಿಸಿಕೊಳ್ಳಬಹುದು.

ಮೊದಲು ಗಾಲಿಯನ್ನು ಕಳಚಿ, ವಾಲ್ವಿನ ಒಳತಿರುಳನ್ನು ತೆಗೆದು ಗಾಳಿಯನ್ನು ಪೂರ್ತಿ ಬಿಡಬೇಕು. ಗಾಲಿಯನ್ನು ಡಿಸ್ಕ್ ಬ್ರೇಕಿನ ತಟ್ಟೆಯ ಮೇಲೆ ಭಾರ ಬೀಳುವಂತೆ ಮಲಗಿಸಬಾರದು, ತಟ್ಟೆ ಬಾಗಿದರೆ ಬ್ರೇಕೇ ಕೆಡುತ್ತದೆ. ಕೆಳಗೆ ಹಳೆಯ ಕಾರು ಟೈರನ್ನೋ ಮರದ ದಿಮ್ಮಿಗಳನ್ನೋ ಇಟ್ಟರೆ ಸಾಕು. ವರ್ಷಗಟ್ಟಲೆ ರಿಮ್ಮಿಗೆ ಅಂಟಿಕೊಂಡ ಟೈರಿನ ಅಂಚನ್ನು ಬಿಡಿಸುವುದೇ ಕಷ್ಟದ ಭಾಗ. ಗೋಡೆಯ ಬುಡಕ್ಕೆ ಉದ್ದನೆಯ ಹಲಗೆಯ ಒಂದು ತುದಿಯನ್ನು ಸಿಕ್ಕಿಸಿ, ಟೈರಿನ ಪಕ್ಕೆಯ ಮೇಲೆ ಒಂದು ಮರದ ತುಂಡನ್ನಿಟ್ಟು, ಹಲಗೆಯ ಇನ್ನೊಂದು ತುದಿಯನ್ನು ಒತ್ತಿದರೆ ಅಂಚು ಕೆಳಗಿಳಿಯುತ್ತದೆ. ಬಡಗಿಯ ಕ್ಲಾಂಪಿನಿಂದಲೂ ಇದನ್ನು ಮಾಡುವವರಿದ್ದಾರೆ.

ಮುಂದಿನದು ವೆಲ್ಚ್ ಅವರ ತತ್ತ್ವ. ಅಂಚಿಗೆ ಸಾಬೂನು ನೀರು ಹಚ್ಚಿ, ಒಂದು ಬದಿಯನ್ನು ಮೊಣಕಾಲಿನಿಂದ ಒತ್ತಿ ರಿಮ್ಮಿನ ಮಧ್ಯದ ತಗ್ಗಿಗೆ ಇಳಿಸಬೇಕು. ಎದುರು ಬದಿಯಲ್ಲಿ ಟೈರ್ ಲಿವರನ್ನು ತೂರಿಸಿ ಸ್ವಲ್ಪ ಸ್ವಲ್ಪವಾಗಿ ಎತ್ತಬೇಕು. ಹಳೆಯ ಪ್ಲಾಸ್ಟಿಕ್ ಪೈಪನ್ನು ಸೀಳಿ ರಿಮ್ಮಿನ ಅಂಚಿಗೆ ತೊಡಿಸಿದರೆ ಗೀರು ಬೀಳುವುದಿಲ್ಲ. ಲಿವರಿಗೆ ವಿಪರೀತ ಬಲ ಬೇಕಾಗುತ್ತಿದೆಯೆಂದರೆ, ಎದುರು ಬದಿಯ ಅಂಚು ತಗ್ಗಿನಿಂದ ಮೇಲೆ ಬಂದಿದೆ ಎಂದೇ ಅರ್ಥ. ಕಲಿಯುವವರು ಸಾಮಾನ್ಯವಾಗಿ ಎಡವುವುದು ಇಲ್ಲಿ. ಬಲ ಹೆಚ್ಚಿಸಿದರೆ ತಂತಿಬಳೆ ತುಂಡಾಗಬಹುದು ಅಥವಾ ಟ್ಯೂಬು ಹರಿಯಬಹುದು.

ಹೊಸ ಟೈರನ್ನು ಹಾಕುವಾಗ ಅದರ ಪಕ್ಕೆಯ ಮೇಲಿನ ಬಾಣದ ಗುರುತು ಗಾಲಿ ತಿರುಗುವ ದಿಕ್ಕಿಗೆ ಹೊಂದಬೇಕು. ಹಲವು ಟೈರುಗಳಲ್ಲಿ ಹಗುರವಾದ ಜಾಗವನ್ನು ಬಣ್ಣದ ಚುಕ್ಕೆಯಿಂದ ಗುರುತಿಸಿರುತ್ತಾರೆ. ವಾಲ್ವಿನ ಭಾರವನ್ನು ಸರಿದೂಗಿಸಲು ಆ ಚುಕ್ಕೆಯನ್ನು ವಾಲ್ವಿನ ಬಳಿ ಇಡುವುದು ರೂಢಿ. ಟ್ಯೂಬಿಗೆ ಅದರ ಆಕಾರ ಬರುವಷ್ಟು ಮಾತ್ರ ಗಾಳಿ ಹಾಕಿ ಒಳಗೆ ಸೇರಿಸಿದರೆ ಅದು ಲಿವರಿನಡಿ ಸಿಕ್ಕಿಕೊಳ್ಳುವ ಭಯ ಕಡಿಮೆ. ಪೂರ್ತಿ ಗಾಳಿ ತುಂಬಿದ ಮೇಲೆ ಟೈರಿನ ಪಕ್ಕೆಯಲ್ಲಿರುವ ತೆಳುಗೆರೆ ರಿಮ್ಮಿನಿಂದ ಸುತ್ತಲೂ ಒಂದೇ ಅಂತರದಲ್ಲಿ ಕಾಣಬೇಕು. ಅಂಚು ಕೂರಲಿಲ್ಲವೆಂದು ನಿಗದಿತ ಮಿತಿ ಮೀರಿ ಗಾಳಿ ತುಂಬುವುದು ಅಪಾಯಕರ. ಗಾಳಿ ಬಿಟ್ಟು, ಮತ್ತೆ ಸಾಬೂನು ನೀರು ಹಚ್ಚಿ ಪ್ರಯತ್ನಿಸಬೇಕು.

ತೂಕ ಸರಿದೂಗಿಸುವುದು, ಅಂದರೆ ಬ್ಯಾಲೆನ್ಸ್ ಮಾಡುವುದು, ಬೆಲ್‌ಫಾಸ್ಟಿನ ಅಂಗಳದ ಪರೀಕ್ಷೆಯಷ್ಟೇ ಸರಳ. ಗಾಲಿಯ ಅಚ್ಚಿಗೆ ನಯವಾದ ಕಬ್ಬಿಣದ ಸಲಾಕೆಯನ್ನು ತೂರಿಸಿ, ಅದರ ಎರಡು ತುದಿಗಳನ್ನು ಒಂದೇ ಮಟ್ಟದ ಎರಡು ಆಧಾರಗಳ ಮೇಲೆ ಇಡಬೇಕು. ಹಳೆಯ ಬೇರಿಂಗುಗಳನ್ನು ಮರದ ಚೌಕಟ್ಟಿಗೆ ಜೋಡಿಸಿದರೆ ಒಳ್ಳೆಯ ಆಧಾರವಾಗುತ್ತದೆ. ಮೆಲ್ಲಗೆ ತಿರುಗಿಸಿ ಬಿಟ್ಟ ಗಾಲಿ ತನ್ನ ಭಾರವಾದ ಭಾಗವನ್ನು ಕೆಳಗೆ ಮಾಡಿ ನಿಲ್ಲುತ್ತದೆ. ಅದರ ನೇರ ಎದುರಿಗೆ, ಮೇಲ್ಭಾಗದ ರಿಮ್ಮಿಗೆ, ಸಣ್ಣ ಸಣ್ಣ ತೂಕಗಳನ್ನು ಅಂಟಿಸುತ್ತಾ ಹೋಗಬೇಕು. ಎಲ್ಲಿ ತಿರುಗಿಸಿ ಬಿಟ್ಟರೂ ಗಾಲಿ ಅಲ್ಲಿಯೇ ನಿಂತರೆ ಕೆಲಸ ಮುಗಿಯಿತು. ಕಾರಿನ ಅಗಲವಾದ ಗಾಲಿಗೆ ಯಂತ್ರದ ಮೇಲೆ ವೇಗವಾಗಿ ತಿರುಗಿಸಿ ನೋಡಬೇಕಾಗುತ್ತದೆ. ಮೋಟಾರ್‌ಸೈಕಲ್ಲಿನ ಕಿರಿದಾದ ಗಾಲಿಗೆ ಸಾಮಾನ್ಯವಾಗಿ ಇಷ್ಟೇ ಸಾಕು. ಸರಿದೂಗದ ಮುಂದಿನ ಗಾಲಿ ವೇಗದಲ್ಲಿ ಹ್ಯಾಂಡಲನ್ನು ನಡುಗಿಸುತ್ತದೆ, ಟೈರನ್ನೂ ಒಂದೇ ಕಡೆ ಸವೆಸುತ್ತದೆ.

ಭಾರತ ಮತ್ತು ಕರ್ನಾಟಕದಲ್ಲಿ ಡನ್‌ಲಪ್ ಹೆಸರು

ಡನ್‌ಲಪ್ ಅವರು ಭಾರತಕ್ಕೆ ಬಂದವರಲ್ಲ, ಅವರ ಹೆಸರು ಬಂದಿತು. ಬಂಗಾಳದ ಸಹಾಗಂಜಿನಲ್ಲಿ 1936ರಲ್ಲಿ ಡನ್‌ಲಪ್ ಕಂಪನಿಯ ಟೈರು ಕಾರ್ಖಾನೆ ಆರಂಭವಾಯಿತು. ಕರ್ನಾಟಕದಲ್ಲಿ ಮೈಸೂರಿನ ಫಾಲ್ಕನ್ ಟೈರ್ಸ್ ಕಾರ್ಖಾನೆ ಡನ್‌ಲಪ್ ಹೆಸರಿನಲ್ಲಿ ದ್ವಿಚಕ್ರ ವಾಹನಗಳ ಟೈರುಗಳನ್ನು ತಯಾರಿಸಿತು. ಜಾವಾ ಮೋಟಾರ್‌ಸೈಕಲ್ಲುಗಳು ತಯಾರಾಗುತ್ತಿದ್ದುದೂ ಅದೇ ನಗರದಲ್ಲಿ. ಮನೆಮಾತಿನಲ್ಲಿ ಡನ್‌ಲಪ್ ಹಾಸಿಗೆ ಎಂದು ಕರೆಯುವ ರಬ್ಬರ್ ನೊರೆಯ ಹಾಸಿಗೆ ಕಂಪನಿಯ ಉತ್ಪನ್ನವೇ ಹೊರತು ಪಶುವೈದ್ಯ ಡನ್‌ಲಪ್ ಅವರ ಸಂಶೋಧನೆಯಲ್ಲ, ಅದು ಅವರ ಮರಣಾನಂತರ ಬಂದದ್ದು. ಎತ್ತಿನ ಗಾಡಿಗಳಿಗೆ ಮರದ ಚಕ್ರದ ಬದಲು ಗಾಳಿ ಟೈರು ಬಂದ ಮೇಲೆ ಕನ್ನಡ ನಾಡಿನಲ್ಲಿ ಅವು ಟೈರ್ ಗಾಡಿಗಳಾದವು. ಭಾರ ಎಳೆಯುವ ಪ್ರಾಣಿಯ ಹೆಗಲಿಗೆ ಅದರಿಂದ ದೊರೆತ ಬಿಡುಗಡೆ ಪಶುವೈದ್ಯರೊಬ್ಬರ ಹೆಸರಿಗೆ ಒಪ್ಪುವಂತಹದು.

ನಮ್ಮ ಸೈಕಲ್ ಅಂಗಡಿಗಳಲ್ಲಿ ವಾಲ್‌ಟ್ಯೂಬ್ ಎಂದು ಕೊಡುವ ಸಣ್ಣ ರಬ್ಬರ್ ನಳಿಕೆ ಸೇರುವುದು ವುಡ್ಸ್ ಅವರ ವಾಲ್ವಿಗೆ. ಬ್ರಿಟನ್ನಿನಲ್ಲಿ ಅದನ್ನೂ ಡನ್‌ಲಪ್ ವಾಲ್ವ್ ಎಂದೇ ಕರೆಯುವ ರೂಢಿಯಿದೆ.

ಸ್ಮರಣೆ

ಉತ್ತರ ಐರ್ಲೆಂಡಿನ ನಾರ್ದರ್ನ್ ಬ್ಯಾಂಕ್ ಹೊರಡಿಸಿದ ಹತ್ತು ಪೌಂಡಿನ ನೋಟಿನ ಮೇಲೆ ಡನ್‌ಲಪ್ ಅವರ ಚಿತ್ರವಿದೆ. 2005ರಲ್ಲಿ ಅಮೆರಿಕದ ಆಟೊಮೋಟಿವ್ ಹಾಲ್ ಆಫ್ ಫೇಮ್ ಗೌರವಪಟ್ಟಿಗೆ ಅವರ ಹೆಸರನ್ನು ಸೇರಿಸಲಾಯಿತು. ಅವರು ತಯಾರಿಸಿದ ಆರಂಭದ ಸೈಕಲ್ ಟೈರನ್ನು ಎಡಿನ್‌ಬರೊ ನಗರದ ರಾಷ್ಟ್ರೀಯ ವಸ್ತುಸಂಗ್ರಹಾಲಯದಲ್ಲಿ ಇರಿಸಲಾಗಿದೆ.